ಎರಡು ಸಲ ಹೊಲಿದ ಮೂಲೆ

ಧಾರವಾಡದ ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನಲ್ಲಿ ಮೂವತ್ತೇಳು ವರ್ಷ ಕೂತು ಎದ್ದ ಮೃಣಾಲಿನಿಬಾಯಿಯವರು ಯಾವ ಗಂಟನ್ನಾದರೂ ಒಮ್ಮೆ ಎತ್ತಿ ನೋಡಿದರೆ ಸಾಕು, ತೂಕ ಹೇಳಿಬಿಡುತ್ತಿದ್ದರು. ತಕ್ಕಡಿ ಸುಳ್ಳು ಹೇಳಿದರೂ ಹೇಳೀತು, ಬಾಯಿಯವರ ಕೈ ಹೇಳುವುದಿಲ್ಲ ಎಂದು ಜೊತೆಯವರು ಚೇಷ್ಟೆ ಮಾಡುತ್ತಿದ್ದರು. ಕೈಗಿಂತ ಚುರುಕು ಅವರ ಕಣ್ಣು. ಹೊಲಿಗೆ ಬಿಚ್ಚಿ, ಒಳಗಿನದನ್ನು ಜಾರಿಸಿ, ಮತ್ತೆ ಹೊಲಿದು, ಏನೂ ಆಗಿಲ್ಲವೆಂಬಂತೆ ಬಂದ ಪಾರ್ಸಲ್ಲನ್ನು ದೂರದಿಂದಲೇ ಗುರುತಿಸುತ್ತಿದ್ದರು. ದಬ್ಬಣ ಹಳೆಯ ತೂತಿನಲ್ಲೇ ಸರಿಯಾಗಿ ಹೋಗುವುದಿಲ್ಲ, ಪಕ್ಕದಲ್ಲಿ ಇನ್ನೊಂದು ತೂತು ಬಿದ್ದೇ ಬೀಳುತ್ತದೆ. ಅಂಥ ಪಾರ್ಸಲ್ ಕಂಡರೆ ಒಬ್ಬರೇ ಬಿಚ್ಚಬಾರದು. ಮೇಲಿನವರನ್ನು ಕರೆದು, ಸಾಕ್ಷಿಗಳ ಎದುರು ಬಿಚ್ಚಿ, ಬರೆದು, ಸಹಿ ಹಾಕಬೇಕು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಆ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಹಾಲಿನವನ ಪಾಕೀಟು, ಕಾಯಿಪಲ್ಯೆಯವಳ ಮಾತು, ಬೀಗರ ನಗೆ, ಎಲ್ಲದರ ಹೊಲಿಗೆಯನ್ನೂ ಅವರು ಒಮ್ಮೆ ತಿರುವಿ ನೋಡುತ್ತಿದ್ದರು.

ಅಂಥವರು ಆಕ್ಲೆಂಡಿನ ತಂಗಿಯ ಮನೆಯಲ್ಲಿ ನಾಲ್ಕು ತಿಂಗಳಿದ್ದು, ಊರಿಗೆ ಮರಳಲು ಇನ್ನು ಆರೇ ದಿನ ಉಳಿದಾಗ, ಈ ಮನೆಯಲ್ಲಿ ಏನೋ ನಡೆದಿದೆ ಎಂಬುದು ಅವರಿಗೆ ಖಾತ್ರಿಯಾಯಿತು.

ಸಮುದ್ರ ನೋಡಿದ್ದಾಗಿತ್ತು, ಬಿಸಿನೀರಿನ ಬುಗ್ಗೆ ನೋಡಿದ್ದಾಗಿತ್ತು, ಕಣ್ಣು ದಣಿಯುವಷ್ಟು ಕುರಿ ನೋಡಿದ್ದಾಗಿತ್ತು. ಜೂನ್ ಬಂದು ಚಳಿ ಬಿದ್ದ ಮೇಲೆ ಹೊರಗೆ ಹೋಗುವುದೂ ನಿಂತಿತ್ತು. ಅವತ್ತು ಮಧ್ಯಾಹ್ನ ನೀರು ಕುಡಿಯಲು ಅಡುಗೆಮನೆಗೆ ಹೋದರೆ, ತಂಗಿ ವೃಂದಾ ಮತ್ತು ಅವಳ ಮಗಳು ಚಿನ್ಮಯೀ ತಲೆಗೆ ತಲೆ ಹಚ್ಚಿ ಏನೋ ಪಿಸುಗುಟ್ಟುತ್ತಿದ್ದವರು ಗಪ್ಪಾದರು.

"ಏನ ನಡದದ?"

"ಏನಿಲ್ಲ ಅಕ್ಕಾ, ಸಾರಿಗೆ ಉಪ್ಪು ಹೆಚ್ಚಾತೇನಂತ ಕೇಳ್ಲಿಕ್ಕತ್ತಿದ್ದೆ," ಎಂದಳು ವೃಂದಾ.

ಒಲೆಯ ಮೇಲೆ ಸಾರೇ ಇರಲಿಲ್ಲ. ಚಿನ್ಮಯೀ ಬೆನ್ನ ಹಿಂದೆ ಒಂದು ಚೀಲ ಹಿಡಿದುಕೊಂಡಿದ್ದಳು. ಇಪ್ಪತ್ತೊಂದು ವರ್ಷದ ಹುಡುಗಿ ಮಾವಶಿಯ ಎದುರಿಗೆ ಸಣ್ಣ ಮಗುವಿನಂತೆ ಕೈ ಹಿಂದೆ ಕಟ್ಟಿ ನಿಲ್ಲುವುದೆಂದರೇನು? ಮೃಣಾಲಿನಿಬಾಯಿ ನೀರು ಕುಡಿದು, ಲೋಟ ತೊಳೆದಿಟ್ಟು, ಏನೂ ಕಾಣದವರಂತೆ ಹೊರಗೆ ಬಂದರು. ಕೌಂಟರಿನಲ್ಲಿ ಕೂತವರು ಕೇಳಬಾರದು, ನೋಡಬೇಕು. ಕೇಳಿದರೆ ಸುಳ್ಳು ಬರುತ್ತದೆ.

ಮರುದಿನ ವೃಂದಾಳ ಗಂಡ ಶ್ರೀರಂಗ ಚಹಾ ಕುಡಿಯುತ್ತ ಬಲು ಮೃದುವಾಗಿ ಕೇಳಿದ, "ಅಕ್ಕಾ, ನಿಮ್ಮ ಬ್ಯಾಗ ಎಷ್ಟ ಕೆಜಿ ಆತ್ರಿ? ಮೂವತ್ತರ ತನಕ ಬಿಡ್ತಾರ. ಇನ್ನೂ ಜಾಗಾ ಅದ ಏನ್ರಿ?"

ಶ್ರೀರಂಗನಿಗೆ ಒಂದು ಚಾಳಿಯಿತ್ತು. ಊರಿಗೆ ಹೊರಟವರ ಚೀಲದಲ್ಲಿ ತನ್ನ ಸಾಮಾನು ತುರುಕುವುದು. ಮಾರ್ಚಿನಲ್ಲಿ ಬೆಂಗೇರಿಯ ಒಬ್ಬ ವಿದ್ಯಾರ್ಥಿ ಊರಿಗೆ ಹೋಗುವಾಗ ಅವನ ಕಾಲುಚೀಲದೊಳಗೆ ಎರಡು ಹೊಸ ಫೋನು ಸುತ್ತಿ ಇಟ್ಟು ಕಳಿಸಿದ್ದನ್ನು ಮೃಣಾಲಿನಿಬಾಯಿ ಕಣ್ಣಾರೆ ಕಂಡಿದ್ದರು. ಊರು ಬಿಡುವಾಗ ಗೌಸಮೊದ್ದೀನನೂ ಹೇಳಿದ್ದ. ಅವನು ಅವರದೇ ಕಚೇರಿಯ ಹಳೆಯ ಪೋಸ್ಟಮನ್, ಈಗ ಅವರ ಮನೆಯ ಕೀಲಿ ಅವನ ಕೈಯಲ್ಲಿತ್ತು. "ಬಾಯೀ, ಬರೋವಾಗ ಯಾರ ಏನ ಕೊಟ್ರೂ ತರಬ್ಯಾಡ್ರಿ. ಒಳಗೇನೈತಿ ಅಂತ ಕೊಟ್ಟಾವ್ರಿಗೂ ಗೊತ್ತಿರಂಗಿಲ್ಲ," ಎಂದಿದ್ದ. ಹಾಗೆಂದು ಅವರು ಗೌಸಮೊದ್ದೀನನನ್ನು ನಂಬಿದ್ದರೆಂದು ತಿಳಿಯಬೇಡಿ. ಕೀಲಿ ಕೊಡುವ ಮೊದಲು ಕಪಾಟಿನ ಎರಡೂ ಬಾಗಿಲಿಗೆ ಸೇರಿಸಿ ಒಂದು ಕರಿ ದಾರ ಅಂಟಿಸಿ ಬಂದಿದ್ದರು.

"ಜಾಗಾ ಇಲ್ಲಪಾ," ಎಂದರು ಶ್ರೀರಂಗನಿಗೆ. ಇಪ್ಪತ್ತೆರಡೂವರೆ ಕೆಜಿ ಆಗಿತ್ತು. ಜಾಗ ಬೇಕಾದಷ್ಟಿತ್ತು.

ಅಂದೇ ಸಂಜೆ ಅವರು ಎಲ್ಲರ ಕಣ್ಣೆದುರು ನಡುಮನೆಯಲ್ಲಿ ಕೂತು ಸೂಟ್‌ಕೇಸಿಗೆ ಗವಸು ಹೊಲಿದರು. ಧಾರವಾಡದಿಂದಲೇ ತಂದ ದಪ್ಪ ಬಿಳಿ ಬಟ್ಟೆ, ದಬ್ಬಣ, ಹುರಿ. ಪ್ರತಿ ಆರನೆಯ ಹೊಲಿಗೆಗೆ ಹಿಂದೆ ತಿರುಗಿ ಒಂದು ಗಂಟು. ಆ ಗಂಟು ಅವರ ಸ್ವಂತದ್ದು, ಯಾವ ಕಾಯ್ದೆ ಪುಸ್ತಕದಲ್ಲೂ ಇಲ್ಲ. ಅರಗಿನ ಮುದ್ರೆಯೊಂದು ಒತ್ತಲಿಲ್ಲ, ಅಷ್ಟೇ.

ವೃಂದಾ ಪಕ್ಕದಲ್ಲಿ ಕೂತು ಹುರಿ ಹಿಡಿದಿದ್ದಳು. "ಈ ಹೊಲಿಗಿ ನಂಗೂ ಕಲಿಸಿದ್ದಿ ಅಕ್ಕಾ. ನೆನಪದ ಏನ?"

"ಕಲಿಸಿದ್ದೆ. ನೀ ಮರತಿರಬೇಕು."

"ಮರತಿಲ್ಲ," ಎಂದಳು ವೃಂದಾ.

ಆರಾಮಕುರ್ಚಿಯಲ್ಲಿ ವೃಂದಾಳ ಅತ್ತೆ ತುಂಗಾಬಾಯಿ ಜಪಮಾಲೆ ಎಣಿಸುತ್ತ ಕೂತಿದ್ದರು. ಎಂಬತ್ತಾರು ವರ್ಷ. ಕಿವಿ ಹೋಗಿತ್ತು, ಮಂಡಿ ಹೋಗಿತ್ತು, ಕಣ್ಣು ಮಾತ್ರ ಹೋಗಿರಲಿಲ್ಲ. ಆ ಕಣ್ಣನ್ನು ಮೃಣಾಲಿನಿಬಾಯಿ ಚೆನ್ನಾಗಿ ಬಲ್ಲರು. ಇಪ್ಪತ್ತೊಂದು ವರ್ಷದ ಹಿಂದೆ, ಧಾರವಾಡದಲ್ಲಿ, ಇದೇ ಚಿನ್ಮಯೀಯನ್ನು ತೊಟ್ಟಿಲಿಗೆ ಹಾಕಿದ ದಿನ ಕಂಡ ಕಣ್ಣು ಅದು. ಮೃಣಾಲಿನಿಬಾಯಿಯ ಗಂಡ ಬಾಳಕೃಷ್ಣ ತೀರಿಕೊಂಡು ಆಗ ಎಂಟು ತಿಂಗಳು. ಮನೆ ತುಂಬ ಹೆಂಗಸರು. ಕಾರ್ಯ ಮುಗಿದು ಎಲ್ಲರೂ ಹೊರಡುವ ಹೊತ್ತಿಗೆ ವೃಂದಾ ಅಕ್ಕಿ ಕೇರುವ ಬಿದಿರಿನ ಮರ ಹಿಡಿದು ಬಂದಳು. ಹೊರಟ ಮುತ್ತೈದೆಯ ಸೆರಗಿಗೆ ಅಕ್ಕಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲು, ಕುಬಸದ ಖಣ ಹಾಕಿ ಉಡಿ ತುಂಬಿ ಕಳಿಸುವುದು ಪದ್ಧತಿ. ಸಾಲಿನಲ್ಲಿ ಕೂತವರಿಗೆ ಒಬ್ಬೊಬ್ಬರಿಗೆ ತುಂಬುತ್ತ ಅಕ್ಕನ ಎದುರಿಗೆ ಬಂದಳು. ಅಕ್ಕ ಅಭ್ಯಾಸಬಲದಿಂದ ಸೆರಗು ಚಾಚಿಯೇಬಿಟ್ಟಿದ್ದರು. ವೃಂದಾ ಒಮ್ಮೆ ಅತ್ತೆಯ ಕಡೆ ನೋಡಿದಳು. ಮುಂದಿನವರ ಹತ್ತಿರ ಸರಿದಳು. ಚಾಚಿದ ಸೆರಗನ್ನು ಹಿಂದೆ ತೆಗೆದುಕೊಳ್ಳುವುದು ಎಷ್ಟು ಭಾರ ಎಂಬುದನ್ನು ಆವತ್ತು ಅವರ ಕೈ ತೂಗಿ ನೋಡಿತು, ಇವತ್ತಿಗೂ ಅದನ್ನು ಇಳಿಸಿರಲಿಲ್ಲ.

ಇಷ್ಟು ವರ್ಷವಾದ ಮೇಲೆ ತಂಗಿ ತಾನಾಗಿಯೇ ಟಿಕೆಟು ಕಳಿಸಿ ಕರೆಸಿಕೊಂಡಿದ್ದಳು. ಯಾಕೆ ಕರೆದಳು ಎಂಬುದು ನಾಲ್ಕು ತಿಂಗಳಾದರೂ ಬಿಚ್ಚಿರಲಿಲ್ಲ. ಅವಳು ಒಮ್ಮೆಯೂ ಆ ದಿನದ ಮಾತೆತ್ತಲಿಲ್ಲ. ಇವರೂ ಎತ್ತಲಿಲ್ಲ. ಒಂದು ಮಾತು, ಅರ್ಧ ಮಾತು ಬಂದೀತೆಂದು ಕಾಯ್ದದ್ದು ಮಾತ್ರ ಖರೆ.

ಹೊರಡುವ ದಿನ ಬೆಳಿಗ್ಗೆ ಅವರು ಸೂಟ್‌ಕೇಸನ್ನು ಬಾಗಿಲ ತನಕ ತರಲು ಎತ್ತಿದರು. ಎತ್ತಿದ್ದೇ ಕೆಳಗಿಟ್ಟರು. ಇನ್ನೊಮ್ಮೆ ಎತ್ತಿದರು. ಇಪ್ಪತ್ಮೂರೂ ಮುಕ್ಕಾಲು. ಒಂದೂಕಾಲು ಕೆಜಿ ಹೆಚ್ಚು.

ಮಂಡಿಯೂರಿ ಕೂತು ಗವಸು ನೋಡುತ್ತ ಬಂದರು. ಹಿಡಿಕೆಯ ಕೆಳಗಿನ ಎಡಮೂಲೆ. ಎರಡೆರಡು ತೂತು. ಗೇಣುದ್ದ ಬಿಚ್ಚಿ ಮತ್ತೆ ಹೊಲಿದಿದ್ದರು.

ಶ್ರೀರಂಗ! ಫೋನೋ, ಬಂಗಾರವೋ, ಇನ್ನೇನು ಕೆಟ್ಟದ್ದೋ. ಬೆಂಗಳೂರಿನಲ್ಲಿ ಹಿಡಿದು ನಿಲ್ಲಿಸಿದರೆ ಹೆಸರು ಕೆಡುವುದು ಯಾರದು? ಮೂವತ್ತೇಳು ವರ್ಷ ಒಂದು ಕಪ್ಪು ಚುಕ್ಕೆಯಿಲ್ಲದೆ ಸೇವೆ ಮಾಡಿದ್ದು ಇದಕ್ಕೇನು? ಬಿಚ್ಚಿಬಿಡೋಣವೆಂದು ಕೈ ಹೋಯಿತು, ಆದರೆ ತಡೆಯಿತು. ಒಬ್ಬರೇ ಬಿಚ್ಚಬಾರದು. ಸಾಕ್ಷಿ ಬೇಕು. ಇವರ ಮನೆಯೊಳಗೆ ಇವರದೇ ಸಾಕ್ಷಿ ಇಟ್ಟು ಬಿಚ್ಚಿದರೆ ತನ್ನ ಮಾತು ನಡೆಯುತ್ತದೆಯೆ? ಹೊರಗೆ ಶ್ರೀರಂಗ ಕಾರಿನ ಹಾರ್ನು ಬಾರಿಸಿದ.

ತುಂಗಾಬಾಯಿ ಕುರ್ಚಿಯಿಂದಲೇ ಕೈಯೆತ್ತಿ, "ಹೋಗಿ ಬರ್ರಿ, ಸುಖವಾಗಿ ಮುಟ್ಟರಿ," ಎಂದರು. ಚಿನ್ಮಯೀ ಕಾಲಿಗೆ ಬಿದ್ದಳು. ವೃಂದಾ ಅಕ್ಕನ ಮುಖ ನೋಡಲಿಲ್ಲ, ಸೂಟ್‌ಕೇಸನ್ನೇ ನೋಡುತ್ತಿದ್ದಳು. "ಮನಿ ಮುಟ್ಟಿದಕೂಡ್ಲೆ ಬ್ಯಾಗ ಬಿಚ್ಚು ಅಕ್ಕಾ. ಮೊದಲ ಅದನ್ನ ಮಾಡು."

"ಯಾಕ? ಏನದ ಅದರಾಗ?"

"ಏನಿಲ್ಲ. ಅರಿವಿ ಮುಗ್ಗಸ ವಾಸನಿ ಹಿಡೀತಾವು, ಅದಕ್ಕ."

"ನೀ ಏರಪೋರ್ಟಿಗೆ ಬರೂದಿಲ್ಲೇನ?"

"ಅತ್ತಿಯವರನ್ನ ಬಿಟ್ಟು ಹೆಂಗ ಬರ್ಲಿ?" ಎಂದಳು. ಕಣ್ಣು ಕೆಂಪಾಗಿದ್ದವು. ಅದೂ ಮೃಣಾಲಿನಿಬಾಯಿಯವರಿಗೆ ಅಪರಾಧದ ಗುರುತಾಗಿಯೇ ಕಂಡಿತು. ಗಂಡ ಮಾಡಿಸಿದ ಕೆಲಸಕ್ಕೆ ಹೆಂಡತಿ ಅಳುತ್ತಾಳೆ. ಆವತ್ತು ಅತ್ತೆಯ ಮಾತು ಕೇಳಿದಳು, ಇವತ್ತು ಗಂಡನ ಮಾತು. ಎಂದೂ ಅಕ್ಕನವಳಾಗಲಿಲ್ಲ.

ಶ್ರೀರಂಗ ವಿಮಾನ ನಿಲ್ದಾಣದ ಬಾಗಿಲಲ್ಲೇ ಇಳಿಸಿ, ಗಾಡಿ ನಿಲ್ಲಿಸಲು ಇಲ್ಲಿ ಬಿಡುವುದಿಲ್ಲವೆಂದು ನಮಸ್ಕಾರ ಮಾಡಿ ಹೋಗಿಯೇಬಿಟ್ಟ. ಓಡಿಹೋದ ಎಂದುಕೊಂಡರು ಮನಸ್ಸಿನಲ್ಲಿ.

ಕೌಂಟರಿನ ಹುಡುಗಿ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು. ಚೀಲ ನೀವೇ ಕಟ್ಟಿದ್ದೇ? ಬೇರೆ ಯಾರಾದರೂ ಏನಾದರೂ ಇಟ್ಟಿದ್ದಾರೆಯೇ? ಎಲ್ಲರೂ ಇಲ್ಲ ಎಂದು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಮೃಣಾಲಿನಿಬಾಯಿ ಕನ್ನಡಕ ಸರಿಮಾಡಿಕೊಂಡು, ಕಚೇರಿಯಲ್ಲಿ ರೂಢಿಯಾದ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು. ಈ ಸೂಟ್‌ಕೇಸು ನನ್ನದು. ಇದರ ಎಡಮೂಲೆಯನ್ನು ನನಗೆ ತಿಳಿಯದಂತೆ ಬಿಚ್ಚಿ ಹೊಲಿದಿದ್ದಾರೆ. ಒಳಗೆ ಒಂದೂಕಾಲು ಕೆಜಿಯ ವಸ್ತುವಿದೆ. ಅದು ನನ್ನದಲ್ಲ. ದಯವಿಟ್ಟು ಸಾಕ್ಷಿಗಳ ಎದುರು ಬಿಚ್ಚಿಸಬೇಕು.

ಹುಡುಗಿಯ ಮುಖದ ನಗೆ ಹಾರಿಹೋಯಿತು. ಐದು ನಿಮಿಷದಲ್ಲಿ ಕೈಗವಸು ತೊಟ್ಟ ಒಬ್ಬ ಅಧಿಕಾರಿಣಿ, ಅವಳ ಜೊತೆ ಇಬ್ಬರು ಬಂದರು. ಪಕ್ಕದ ಕೋಣೆಗೆ ಕರೆದೊಯ್ದರು. ಮೊದಲು ಒಂದು ಕಾಗದ ಮುಂದಿಟ್ಟರು. ಒಳಗಿರುವ ಗಂಟು ತನ್ನದಲ್ಲ, ಇಟ್ಟವರು ಯಾರೆಂದು ತಿಳಿಯದು, ಅದರ ಮೇಲೆ ತನ್ನ ಹಕ್ಕಿಲ್ಲ ಎಂದು ಬರೆದಿತ್ತು. ಕಾಗದಪತ್ರ ಇಷ್ಟು ಚೊಕ್ಕವಾಗಿರುವುದನ್ನು ಕಂಡು ಬಾಯಿಯವರಿಗೆ ಸಮಾಧಾನವೇ ಆಯಿತು. ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದರು.

ಅಧಿಕಾರಿಣಿ ಸೂಟ್‌ಕೇಸನ್ನು ದೀಪದ ಕೆಳಗೆ ಎಳೆದು ಸಣ್ಣ ಚೂರಿಯನ್ನು ಮೂಲೆಗೆ ಹಚ್ಚಿದಳು. ಆಗ ಮೃಣಾಲಿನಿಬಾಯಿಗೆ ಆ ಹೊಲಿಗೆ ಮೊದಲ ಸಲ ಸರಿಯಾಗಿ ಕಾಣಿಸಿತು. ಬೆಳಿಗ್ಗೆ ಅವರು ತೂತುಗಳನ್ನು ಎಣಿಸಿದ್ದರು, ಹೊಲಿಗೆಯನ್ನು ನೋಡಿರಲಿಲ್ಲ. ಆರು ಹೊಲಿಗೆ, ಹಿಂದೆ ತಿರುಗಿ ಒಂದು ಗಂಟು. ಮತ್ತೆ ಆರು, ಮತ್ತೆ ಗಂಟು. ಹದಿನಾಲ್ಕು ವರ್ಷದ ತಂಗಿಯನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಬೆರಳಿಗೆ ದಬ್ಬಣ ಚುಚ್ಚಿದಾಗ ಬಾಯಲ್ಲಿಟ್ಟು ಚೀಪಿ ಕಲಿಸಿದ ಗಂಟು. ಅಂಜುತ್ತ ಅಂಜುತ್ತ ಹಾಕಿದ್ದರಿಂದ ಸ್ವಲ್ಪ ಓರೆಯಾಗಿತ್ತು. ಇದು ಕಳ್ಳಮಾಲು ಇಡುವವರ ಹೊಲಿಗೆಯಲ್ಲ. ತಡೆಯಿರಿ ಎನ್ನಲು ಬಾಯಿ ತೆರೆದರು, ಅಷ್ಟರಲ್ಲಿ ಚೂರಿ ಹುರಿ ಕೊಯ್ದಿತ್ತು.

ಗವಸಿನೊಳಗೆ ಸೂಟ್‌ಕೇಸಿನ ಝಿಪ್ಪು ಸರಿಸಿದರೆ, ಸ್ವೆಟರಿನ ಕೆಳಗೆ ಹಸಿರು ಖಣದ ಗಂಟು. ಅದನ್ನೂ ಕೊಯ್ದರು. ಸೂಟ್‌ಕೇಸಿನ ಮೇಲೆಯೇ ಬಿಚ್ಚಿಕೊಂಡಿತು. ಅಕ್ಕಿ, ಐದು ಅರಿಷಿಣ ಬೇರು, ಐದು ಉತ್ತತ್ತಿ, ಅಡಿಕೆ, ಒಂದು ಕೊಬ್ಬರಿ ಬಟ್ಟಲು, ಕುಂಕುಮದ ಪುಟ್ಟ ಪೊಟ್ಟಣ. ಏನೊಂದೂ ಬಿಟ್ಟಿರಲಿಲ್ಲ. ಕುಂಕುಮವನ್ನೂ ಬಿಟ್ಟಿರಲಿಲ್ಲ.

ಅಧಿಕಾರಿಣಿ ಅರಿಷಿಣ ಬೇರು ಮೂಸಿದಳು, ಯಂತ್ರದ ಮೇಲಿಟ್ಟು ಪರೀಕ್ಷೆ ಮಾಡಿದಳು, ನಿರಾಳವಾಗಿ ನಕ್ಕಳು. ಹೆದರಬೇಡಿ, ಇದು ಬರೇ ಅಡುಗೆ ಸಾಮಾನು ಎಂದಳು.

"ಅದು ನನ್ನದು," ಎಂದರು ಮೃಣಾಲಿನಿಬಾಯಿ. ಕನ್ನಡದಲ್ಲೇ ಬಂದುಬಿಟ್ಟಿತು. ತಡವರಿಸಿ ಇಂಗ್ಲಿಷಿನಲ್ಲಿ ಹೇಳಿದರು.

ಅವಳು ಕಾಗದ ತೋರಿಸಿದಳು. ನಿಮ್ಮದಲ್ಲವೆಂದು ಈಗ ತಾನೇ ಸಹಿ ಹಾಕಿದ್ದೀರಲ್ಲ ತಾಯಿ. ಯಾರದೆಂದು ತಿಳಿಯದ ತಿನ್ನುವ ವಸ್ತುವನ್ನು ವಿಮಾನಕ್ಕೆ ಬಿಡಲಾಗದು.

ಬಾಯಿಯವರು ವಾದಿಸಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು, ಆ ಜಾಗದಲ್ಲಿ ಅವರಿದ್ದರೂ ಅದನ್ನೇ ಹೇಳುತ್ತಿದ್ದರು, ಎಷ್ಟೋ ಜನಕ್ಕೆ ಹೇಳಿಯೂ ಇದ್ದರು. ಖಣದ ಸಮೇತ ಎಲ್ಲವನ್ನೂ ಒಂದು ಹಳದಿ ಚೀಲದಲ್ಲಿ ಸುರಿದು ಡಬ್ಬಕ್ಕೆ ಹಾಕಿದರು. ಸೂಟ್‌ಕೇಸು ಪಟ್ಟಿಯ ಮೇಲೆ ಹೊರಟಿತು. ಎತ್ತಿ ನೋಡುವ ಅಗತ್ಯವಿರಲಿಲ್ಲ, ಇಪ್ಪತ್ತೆರಡೂವರೆ.

ವಿಮಾನದಲ್ಲಿ ಅವರು ಊಟ ಮುಟ್ಟಲಿಲ್ಲ. ಮೊದಲು ಅಳು ಬಂತು. ಸಿಂಗಾಪುರ ಬರುವಷ್ಟರಲ್ಲಿ ಸಿಟ್ಟು ಬಂತು. ಕದ್ದು ಯಾಕೆ ಇಡಬೇಕಿತ್ತು? ಇಪ್ಪತ್ತೊಂದು ವರ್ಷದ ಹಿಂದೆ ಎಲ್ಲರೆದುರು ದಾಟಿ ಹೋದವಳು ಇವತ್ತು ಕೊಡುವಾಗ ಮಾತ್ರ ಅತ್ತೆಯ ಕಣ್ಣು ತಪ್ಪಿಸಿ ಕೊಡುವುದೆ? ಬೆಂಗಳೂರಿನಲ್ಲಿ ಇಳಿದು ರೈಲು ಹತ್ತುವಾಗ ಸಿಟ್ಟೂ ಸೋತಿತ್ತು. ಫೋನಿನಲ್ಲಿ ವೃಂದಾಳ ಮೂರು ಕರೆ ಬಂದು ಹೋದವು. ಎತ್ತಲಿಲ್ಲ. ಹಾವೇರಿ ದಾಟಿ ಮಳೆಯಲ್ಲಿ ತೊಯ್ದ ಕರಿಹೊಲಗಳು ಕಾಣಿಸಿದರೂ ಊರು ಬಂತೆಂಬ ಸಂತೋಷ ಆಗಲಿಲ್ಲ. ಅವಳಿಗೆ ಏನೆಂದು ಹೇಳಬೇಕು? ಸಿಕ್ಕಿತು ಎಂದುಬಿಟ್ಟರೆ ತಂಗಿಯ ಮನಸ್ಸು ತಣ್ಣಗಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಾಗೆಯೇ ಹೇಳುವುದೆಂದು ಹುಬ್ಬಳ್ಳಿಯಲ್ಲಿ ತೀರ್ಮಾನ ಮಾಡಿದರು.

ಧಾರವಾಡ ಸ್ಟೇಶನ್ನಿನಲ್ಲಿ ಗೌಸಮೊದ್ದೀನ ಛತ್ರಿ ಹಿಡಿದು ನಿಂತಿದ್ದ. ಸೂಟ್‌ಕೇಸು ತೆಗೆದುಕೊಂಡವನ ಕಣ್ಣು ನೆಟ್ಟಗೆ ಮೂಲೆಗೆ ಹೋಯಿತು. ಅವನೂ ಅದೇ ಕಚೇರಿಯವನಲ್ಲವೆ?

"ಬಾಯೀ, ಇದನ್ನ ಯಾರೋ ಬಿಚ್ಚ್ಯಾರಲ್ರಿ!"

"ನಾನ ಬಿಚ್ಚಿಸಿದೆ."

"ಏನರ ಹೋಗೈತೇನ್ರಿ?"

"ನನ್ನ ಹೆಸರಿಗೆ ಬಂದದ್ದೊಂದು ಪಾರ್ಸಲ್ಲಿತ್ತು ಗೌಸಮೊದ್ದೀನ. ನಾನ ಬ್ಯಾಡಂತ ಬರದಕೊಟ್ಟೆ."

ಅವನು ಆಟೋದಲ್ಲಿ ಸೂಟ್‌ಕೇಸು ಇಡುತ್ತ, ತನಗೆ ಗೊತ್ತಿದ್ದನ್ನು ಹೇಳುವ ದನಿಯಲ್ಲಿ ಹೇಳಿದ, "ಬ್ಯಾಡ ಅಂದ್ರ ಬ್ಯಾಡ ಬಿಡ್ರಿ. ಆದ್ರ ಕಳಿಸಿದಾವ್ರಿಗೆ ಸುದ್ದಿ ಮುಟ್ಟಿಸಬೇಕಲ್ರಿ. ಮುಟ್ಟೇತಿ ಅಂತ ಅವ್ರು ತಿಳಕೊಂಡ ಕುಂತಿರ್ತಾರ. ನೀವ ನನಗ ಎಷ್ಟ ಸಲ ಬೈದೀರಿ ಇದಕ್ಕ."

ಬೈದಿದ್ದರು. ಮಳೆಯಲ್ಲಿ ಹೆಬ್ಬಳ್ಳಿಯ ತನಕ ಸೈಕಲ್ ತುಳಿಸಿ ಕಳಿಸಿದ್ದರು ಒಮ್ಮೆ, ಅಂಥದೊಂದು ಸುದ್ದಿ ಮುಟ್ಟಿಸಲಿಕ್ಕೆ. ಆಟೋ ಮಾಳಮಡ್ಡಿಯ ಮನೆಯ ಮುಂದೆ ನಿಂತಿತು.

ಮನೆಯೊಳಗೆ ಎಲ್ಲ ಇದ್ದಲ್ಲೇ ಇತ್ತು. ಕಪಾಟಿನ ಕರಿ ದಾರ ಅಂಟಿಸಿದ ಹಾಗೇ ಇತ್ತು. ಅದನ್ನು ಕಂಡು ಅವರಿಗೆ ನಾಚಿಕೆಯಾಯಿತು. ಗೌಸಮೊದ್ದೀನ ನೋಡುವ ಮೊದಲು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನಿಗೆ ಚಹಾ ಕೊಟ್ಟು ಕಳಿಸಿದರು. ಆಮೇಲೆ ಸೂಟ್‌ಕೇಸು ಬಿಚ್ಚಿದರು. ಸ್ವೆಟರಿನ ಮಡಿಕೆ ಕೊಡವಿದಾಗ ನೆಲದ ಮೇಲೆ ಚಿಟಿಚಿಟಿ ಸಪ್ಪಳವಾಯಿತು. ಚೂರಿ ಹಾಕಿದಾಗ ಉದುರಿದ ಅಕ್ಕಿ. ಆರಿಸಿದರು. ಒಂಬತ್ತು ಕಾಳು, ಎರಡಕ್ಕೆ ಕುಂಕುಮ ಹತ್ತಿತ್ತು. ಅಂಗೈಯಲ್ಲಿ ಹಿಡಿದು ಕೂತರು. ಅವರ ಕೈಗೆ ತೂಕ ತಿಳಿಯದ ವಸ್ತು ಅದೊಂದೇ.

ಫೋನು ಮತ್ತೆ ರಿಂಗಾಯಿತು.

"ಮುಟ್ಟಿದ್ಯಾ ಅಕ್ಕಾ? ಎಷ್ಟ ಸಲ ಮಾಡಿದೆ! ಬ್ಯಾಗ ಬಿಚ್ಚಿದ್ಯಾ?"

"ಬಿಚ್ಚಿದೆ."

"ಸಿಕ್ತೇನ?"

ಹುಬ್ಬಳ್ಳಿಯಲ್ಲಿ ಮಾಡಿದ ತೀರ್ಮಾನ ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲ ವೃಂದಾ," ಎಂದರು. "ನಿನ್ನ ಉಡಿ ನನಗ ಮುಟ್ಟಲಿಲ್ಲ. ನಿನ್ನ ಗಂಡ ಏನೋ ಇಟ್ಟಾನಂತ ತಿಳದು, ಏರಪೋರ್ಟಿನ್ಯಾಗ ಇದು ನಂದಲ್ಲಂತ ಸಹಿ ಮಾಡಿ ಕೊಟ್ಟೆ. ಅವರು ಒಗದರು."

ವೃಂದಾ ಕೇಳಿದ್ದು ಒಂದೇ, "ನನ್ನ ಗಂಟು ನಿಂಗ ಗುರ್ತ ಹತ್ತಲಿಲ್ಲಾ?"

"ಹತ್ತಿತು. ಸಹಿ ಮಾಡಿದ ಮ್ಯಾಲೆ."

ವೃಂದಾ ಅಳುತ್ತಿದ್ದಳು. "ನಾಕ ತಿಂಗಳು ದಿನಾ ಅನಕೋತಿದ್ದೆ ಅಕ್ಕಾ, ಇವತ್ತ ತುಂಬತೇನಿ, ಇವತ್ತ ತುಂಬತೇನಿ ಅಂತ. ಅತ್ತಿಯವರು ಕೂತಿರ್ತಿದ್ರು. ಅವರಿಗೆ ಅಂಜಿದೆ ಅಂತ ಅನಕೋಬ್ಯಾಡ. ನಾ ಅಂಜಿದ್ದು ನಿನಗ. ಎದುರಿಗೆ ಮರ ಹಿಡಕೊಂಡ ನಿಂತಾಗ ನೀ ಸೆರಗ ಚಾಚಲಿಲ್ಲಂದ್ರ ಏನ ಮಾಡ್ಲಿ?"

ಮೃಣಾಲಿನಿಬಾಯಿಯವರಿಗೆ ಇದು ಹೊಳೆದೇ ಇರಲಿಲ್ಲ. ನಾಲ್ಕು ತಿಂಗಳು ಅವರು ಆ ಮನೆಯವರನ್ನೆಲ್ಲ ತೂಗಿದ್ದರು. ತಮ್ಮನ್ನೂ ಒಬ್ಬರು ಹೀಗೆ ಸಂಶಯದಿಂದ ನೋಡುತ್ತ, ಅಂಜುತ್ತ ಕೂತಿರಬಹುದೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

"ನಾಗರ ಪಂಚಮಿಗೆ ಬಾ," ಎಂದರು. "ನಿನಗ ತವರು ಅಂತ ಉಳದದ್ದು ಇದೊಂದ ಮನಿ. ಓಣಿ ಹೆಣ್ಣಮಕ್ಕಳನ್ನೆಲ್ಲಾ ಕರೀತೇನಿ. ಎಲ್ಲಾರ ಮುಂದ ತುಂಬು."

"ಖರೇನ ಚಾಚತಿ?"

"ಚಾಚತೇನಿ. ಆದ್ರ ಮರದಾಗ ಏನೇನದ ಅಂತ ಮೊದಲ ನೋಡಾಕಿ ನಾ."

ವೃಂದಾ ಅಳುತ್ತಲೇ ನಕ್ಕಳು. ಫೋನು ಇಟ್ಟ ಮೇಲೆ ಮೃಣಾಲಿನಿಬಾಯಿ ಎದ್ದು ದೇವರ ಮನೆಗೆ ಹೋದರು. ಯಾರೂ ನೋಡುತ್ತಿಲ್ಲವೆಂದು ಒಮ್ಮೆ ಹಿಂದೆ ತಿರುಗಿ ಖಾತ್ರಿ ಮಾಡಿಕೊಂಡು, ಎಡಗೈಯಲ್ಲಿ ಸೆರಗು ಚಾಚಿ, ಬಲಗೈಯಿಂದ ಆ ಒಂಬತ್ತು ಕಾಳು ಅದಕ್ಕೆ ಹಾಕಿ, ಹಿಂದೆ ತಿರುಗಿಸಿ ಒಂದು ಗಂಟು ಕಟ್ಟಿಕೊಂಡರು.